ಹೊಸ ಪಿಸಿ: ಫ್ಯಾನ್ ತಿರುಗುತ್ತೆ, ಪರದೆ ಕಪ್ಪು, ಡಿರ‍್ಯಾಮ್ ದೀಪ ಆರ್ತಾ ಇಲ್ಲ

ತೀರ್ಥಹಳ್ಳಿ_ಮಳೆ:
ನಮಸ್ಕಾರ. ಆರ್ಕಿಟೆಕ್ಚರ್ ಓದ್ತಿರೋ ತಂಗಿಗೆ ಅಂತ ಈ ಪಿಸಿ ಜೋಡಿಸಿದೆ. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ಕೊಟ್ಟಿದ್ದು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಮಾನು ಕೊಂಡು, ರಾತ್ರಿ ಬಸ್ಸಲ್ಲಿ ಮದರ್‌ಬೋರ್ಡ್ ಡಬ್ಬಿಯನ್ನ ತೊಡೆ ಮೇಲೇ ಇಟ್ಕೊಂಡು ಬಂದೆ.

ರೈಜನ್ 5 7600, ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ (ಡಬ್ಬಿ ಮೇಲೆ 6000 ಅಂತಿದೆ), 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 650 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಗ್ರಾಫಿಕ್ಸ್ ಕಾರ್ಡ್ ಮುಂದಿನ ಕೊಯ್ಲಿಗೆ. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇರೋದರಿಂದ ಎಚ್‌ಡಿಎಂಐ ಕೇಬಲ್ ಬೋರ್ಡಿಗೇ ಹಾಕಿದ್ದೀನಿ.

ಬಟನ್ ಒತ್ತಿದರೆ ಫ್ಯಾನೆಲ್ಲ ತಿರುಗುತ್ವೆ. ಬೋರ್ಡಿನ ಅಂಚಲ್ಲಿ ನಾಲ್ಕು ಪುಟ್ಟ ದೀಪ ಇವೆ. ಸಿಪಿಯು ದೀಪ ಹತ್ತಿ ಆರುತ್ತೆ, ಆಮೇಲೆ ಹಳದಿ ಡಿರ‍್ಯಾಮ್ (ಅಂದ್ರೆ ರ‍್ಯಾಮ್) ದೀಪ ಹತ್ತಿದ್ದು ಆರೋದೇ ಇಲ್ಲ. ಮಾನಿಟರಲ್ಲಿ ‘ನೋ ಸಿಗ್ನಲ್’. ಒಂದು ನಿಮಿಷ ಕಾದು ಆಫ್ ಮಾಡ್ತೀನಿ. ನಿನ್ನೆ ಸಂಜೆಯಿಂದ ಹನ್ನೊಂದು ಸಲ ಆಯ್ತು. ರ‍್ಯಾಮ್ ಬಿಚ್ಚಿ ಅದೇ ಜಾಗಕ್ಕೆ ಒತ್ತಿ ಕೂರಿಸಿದ್ದೂ ಆಯ್ತು. ಜೊತೆಗೆ ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತೆ. ಅಂಗಡಿಯವರು ‘ತಗೊಂಡು ಬನ್ನಿ’ ಅಂತಾರೆ. ಸೋಮವಾರ ತಂಗಿಗೆ ಸಬ್ಮಿಷನ್ ಇದೆ. ಬೋರ್ಡ್ ಹೋಗಿದೆಯಾ?

ಕೆಂಗೇರಿ_ಗೇಮರ್:
ಮೇಲ್ಗಡೆ ಎಡ ಮೂಲೆಯ 8 ಪಿನ್ ಸಿಪಿಯು ಕೇಬಲ್ ಹಾಕಿದೀರಾ ಬ್ರೋ? 24 ಪಿನ್ ಒಂದೇ ಹಾಕಿದ್ರೂ ಫ್ಯಾನ್ ತಿರುಗುತ್ತೆ.

ತೀರ್ಥಹಳ್ಳಿ_ಮಳೆ:
ಹಾಕಿದ್ದೀನಿ, ಕ್ಲಿಪ್ ಟಕ್ ಅಂತ ಕೂತಿದೆ.

ಹುಬ್ಬಳ್ಳಿ_ರಿಪೇರಿ:
ತಮ್ಮಾ, ಗಾಬರಿ ಆಗಬ್ಯಾಡ್ರಿ. ಸಿಪಿಯು ದೀಪ ಆರಿ ಡಿರ‍್ಯಾಮ್‌ಗೆ ಬಂದೈತಿ ಅಂದ್ರ ಬೋರ್ಡಿಗೆ ಜೀವ ಐತಿ. ನೀವು ಒಂದು ನಿಮಿಷಕ್ಕ ಆಫ್ ಮಾಡೋದೇ ತೊಂದರೆ ಇರಬಹುದು.

ನಿಮ್ಮ ಬಿ650 ಥರದ ಎಎಂ5 ಸಾಕೆಟ್ಟಿನ ಬೋರ್ಡು ಹೊಸ ರ‍್ಯಾಮ್ ಕಂಡಾಗ ಮೆಮೊರಿ ಟ್ರೈನಿಂಗ್ ಮಾಡ್ತದ. ಡಿಡಿಆರ್5 ವೇಗ ಎಷ್ಟಂದ್ರ, ಪ್ರೊಸೆಸರ್‌ನಿಂದ ರ‍್ಯಾಮಿಗೆ ಹೋಗೋ ಒಂದೊಂದು ಗೆರಿಯೊಳಗೂ ಸಿಗ್ನಲ್ ಯಾವ ಕ್ಷಣಕ್ಕ ಓದಿದ್ರ ಸರಿ ಬರ್ತದ ಅಂತ ಬೋರ್ಡೇ ಮತ್ತ ಮತ್ತ ಪರೀಕ್ಷಾ ಮಾಡಿ ಕಂಡುಹಿಡೀಬೇಕು. ಮೊದಲ ಸಲ ಹಲವು ನಿಮಿಷ ಹಿಡೀತದ. ಅಷ್ಟೂ ಹೊತ್ತು ಹಳದಿ ದೀಪ, ಕರೇ ಪರದೆ. ನಡುವ ಆಫ್ ಮಾಡಿದ್ರ ಮತ್ತ ಮೊದಲಿಂದ ಶುರು. ನನ್ನ ಕೌಂಟರಿಗೆ ಹಿಂಗೇ ‘ಸತ್ತ’ ಬೋರ್ಡ್ ತಂದವರು ಭಾಳ ಮಂದಿ. ಟೇಬಲ್ ಮ್ಯಾಲೆ ಆನ್ ಮಾಡಿಟ್ಟು ಅವರನ್ನ ಚಹಾಕ್ಕ ಕಳಸ್ತೀನಿ.

ಮೊದಲು ಪ್ಲಗ್ ಕಿತ್ತು, ಬೋರ್ಡಿನ ಹಳೇ ಸೆಟ್ಟಿಂಗ್ ಅಳಸಾಕ ಸಿಆರ್2032 ನಾಣ್ಯದ ಬ್ಯಾಟರಿ ಐದು ನಿಮಿಷ ತಗದಿಟ್ಟು ವಾಪಸ್ ಹಾಕ್ರಿ. ರ‍್ಯಾಮ್ ಒಂದೇ ಇರಲಿ, ಎ2 ಸ್ಲಾಟಿನೊಳಗ, ಅಂದ್ರ ಪ್ರೊಸೆಸರ್ ಕಡೆಯಿಂದ ಎಣಿಸಿದ್ರ ಎರಡನೇದು. ಎರಡೂ ಹಾಕೋವಾಗ ಎರಡು ಮತ್ತು ನಾಲ್ಕು. ಆಮೇಲೆ ಆನ್ ಮಾಡಿ 15 ನಿಮಿಷ ಮುಟ್ಟಬ್ಯಾಡ್ರಿ.

ಆದ್ರ ಅದಕ್ಕೂ ಮೊದಲು ಆ ಜುಮ್ ನೋಡ್ರಿ, ನನಗ ಅದರದ್ದೇ ಚಿಂತಿ. ಎಸ್‌ಎಂಪಿಎಸ್ ಒಳಗ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಅರ್ಥ್‌ಗೆ ಕೂಡಿರ್ತಾವ. ಗ್ವಾಡಿ ಸಾಕೆಟ್ಟಿಗೆ ಅರ್ಥ್ ಇಲ್ಲದಿದ್ರ ಕ್ಯಾಬಿನೆಟ್ ಮ್ಯಾಲೆ ಸುಮಾರು 115 ವೋಲ್ಟ್ ನಿಲ್ತದ. ಕರೆಂಟ್ ಕಡಿಮಿ, ಅದಕ್ಕ ಬರೇ ಜುಮ್. ಹಂಗಂತ ಬಿಡೋದಲ್ಲ. ತಂಗಿ ದಿನಾ ಮುಟ್ಟೋ ಪೆಟ್ಟಿಗಿ ಅದು. ಅರ್ಥ್ ಇರೋ ಸಾಕೆಟ್ಟಿಗೇ ಹಾಕ್ರಿ.

ಮೈಸೂರು_ಶಾರದೆ:
ರಿಪೇರಿ ಸರ್ ಹೇಳಿದ್ದು ಸರಿ. ಅದೂ ಆಗದಿದ್ದರೆ ಮಾತ್ರ ಪ್ರೊಸೆಸರ್ ತೆಗೆದು ನೋಡಿ. ಎಎಂ5ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಲ್ಲ, ಸಾಕೆಟ್ಟಿನಲ್ಲಿವೆ, 1718. ನನ್ನದರಲ್ಲಿ ಒಂದೇ ಒಂದು ಬಾಗಿತ್ತು, ದೀಪ ಇದೇ ಡಿರ‍್ಯಾಮ್. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಆ ಪಿನ್ನಿನ ಹೊಳಪು ಮಾತ್ರ ಬೇರೆ ಕಂಡಿತು. ಬೆರಳು ಮಾತ್ರ ಹಾಕಬೇಡಿ.

ತೀರ್ಥಹಳ್ಳಿ_ಮಳೆ:
ಅಣ್ಣಾ, ಬಂತು!

ನಾನು ರ‍್ಯಾಮ್ ಹಾಕಿದ್ದು ಒಂದು ಮತ್ತು ಮೂರನೇ ಸ್ಲಾಟಲ್ಲಿ. ಒಂದನ್ನ ತೆಗೆದು ಇನ್ನೊಂದನ್ನ ಎ2ಗೆ ಹಾಕಿ ಆನ್ ಮಾಡಿದೆ. ಆರನೇ ನಿಮಿಷಕ್ಕೆ ಮಳೆಗೆ ಕರೆಂಟ್ ಹೋಯ್ತು. ಎರಡನೇ ಸಲ ಅಡುಗೆಮನೆಗೆ ಹೊತ್ಕೊಂಡು ಹೋಗಿ ಇನ್ವರ್ಟರ್ ಲೈನಿಗೆ ಹಾಕಿದೆ. ಅಲ್ಲಿ ಫ್ರಿಜ್‌ಗೆ ಅಂತ ಅರ್ಥ್ ಎಳೆಸಿದ್ದಾರೆ, ಜುಮ್ ಅನ್ನೋದೂ ನಿಂತೋಯ್ತು. ಅಮ್ಮ ದೋಸೆ ಹುಯ್ತಾ ಇದ್ರು, ನಾನು ದೀಪ ನೋಡ್ತಾ ನಿಂತಿದ್ದೆ. ಎಂಟನೇ ನಿಮಿಷಕ್ಕೆ ಹಳದಿ ಆರಿ ಬಯೋಸ್ (ಬೋರ್ಡಿನ ಸೆಟ್ಟಿಂಗ್ ಪರದೆ) ಬಂತು. ಎರಡನೇ ರ‍್ಯಾಮನ್ನ ನಾಲ್ಕನೇ ಸ್ಲಾಟಿಗೆ ಹಾಕಿದ ಮೇಲೆ ಮತ್ತೆ ನಾಲ್ಕು ನಿಮಿಷ. ಈಗ 32 ಜಿಬಿ ತೋರಿಸ್ತಿದೆ, ವೇಗ 4800. ರೂಮಿನ ಸಾಕೆಟ್ ಬಿಚ್ಚಿ ನೋಡಿದರೆ ಮೂರನೇ ಪಿನ್ನಿಗೆ ತಂತಿಯೇ ಇಲ್ಲ. ನಾಳೆ ಎಲೆಕ್ಟ್ರಿಷಿಯನ್ ಬರ್ತಾರೆ.

6000ಕ್ಕೆ ಎಕ್ಸ್‌ಪೋ (ರ‍್ಯಾಮನ್ನ ಡಬ್ಬಿ ಮೇಲಿನ ವೇಗಕ್ಕೆ ಏರಿಸೋ ಬಯೋಸ್ ಸೆಟ್ಟಿಂಗ್) ಈಗಲೇ ಆನ್ ಮಾಡಲಾ?

ಹುಬ್ಬಳ್ಳಿ_ರಿಪೇರಿ:
ಸಬ್ಮಿಷನ್ ಮುಗೀಲಿ. 4800ರೊಳಗ ಅಕಿ ಕೆಲಸ ಏನೂ ನಿಲ್ಲೂದಿಲ್ಲ. ಎಕ್ಸ್‌ಪೋ ಹಾಕಿದ್ರ ಮತ್ತ ಟ್ರೈನಿಂಗ್ ಆಗ್ತದ, ಆವಾಗೂ ಕರೆಂಟ್ ನೋಡ್ಕೊಂಡು ಮಾಡ್ರಿ. ವಿಂಡೋಸ್ ಹಾಕೋವಾಗ ಪೆನ್‌ಡ್ರೈವ್ ಕ್ಯಾಬಿನೆಟ್ ಹಿಂಬದಿಯ ಯುಎಸ್‌ಬಿಗೇ ಚುಚ್ರಿ.