ಹಳೆಯ ಜಾವಾ ತಂತ್ರಾಂಶಕ್ಕೆ ಆಸ್ಪೆಕ್ಟ್ ಮೂಲಕ ಅನುಮತಿ ತಪಾಸಣೆ: ಕೆಲವು ಕರೆಗಳು ತಪ್ಪಿಸಿಕೊಳ್ಳುತ್ತಿರುವುದೇಕೆ?

ಪ್ರಶ್ನೆ:
ನಮಸ್ಕಾರ. ಹಲವು ವರ್ಷಗಳಿಂದ ಬಳಕೆಯಲ್ಲಿರುವ ಜಾವಾ ತಂತ್ರಾಂಶವೊಂದರ ನಿರ್ವಹಣೆ ನನ್ನ ಪಾಲಿಗೆ ಬಂದಿದೆ. ಬಳಕೆದಾರರ ಅನುಮತಿಯನ್ನು ಪರಿಶೀಲಿಸುವ ಸಾಲುಗಳು ಅದರ ನೂರಾರು ಮೆಥಡ್‌ಗಳಲ್ಲಿ ಚದುರಿವೆ. ಕೆಲವೆಡೆ ಇಲ್ಲವೇ ಇಲ್ಲ. ಮೂಲ ಕೋಡನ್ನು ಮುಟ್ಟದೆ, ಈ ತಪಾಸಣೆಯನ್ನೆಲ್ಲ ಸ್ಪ್ರಿಂಗ್ ಎಂಬ ಜಾವಾ ಚೌಕಟ್ಟಿನ ಒಂದೇ ಆಸ್ಪೆಕ್ಟ್‌ನಲ್ಲಿ (ಹಲವು ಮೆಥಡ್‌ಗಳಿಗೆ ಬೇಕಾದ ಕೆಲಸವನ್ನು ಒಂದೆಡೆ ಬರೆದಿಡುವ ಘಟಕ) ಬರೆದೆ. ಆದರೆ ದಾಖಲೆ ಅಳಿಸುವ ಮೆಥಡನ್ನು ಅದೇ ಕ್ಲಾಸಿನ ಇನ್ನೊಂದು ಮೆಥಡ್ ಕರೆದಾಗ ತಪಾಸಣೆ ನಡೆಯುವುದಿಲ್ಲ, ದೋಷಸಂದೇಶವೂ ಬರುವುದಿಲ್ಲ. ಇದಕ್ಕೆ ಕಾರಣವೇನು?

ಉತ್ತರ 1:
ಸ್ಪ್ರಿಂಗ್ ತನ್ನ ಆಸ್ಪೆಕ್ಟ್‌ಗಳನ್ನು ಪ್ರಾಕ್ಸಿಯ (ಮೂಲ ವಸ್ತುವಿನ ಮುಂದೆ ನಿಂತು ಕರೆಗಳನ್ನು ಸ್ವೀಕರಿಸುವ ಪ್ರತಿನಿಧಿ) ಮೂಲಕ ನಡೆಸುತ್ತದೆ. ಹೊರಗಿನಿಂದ ಬರುವ ಕರೆ ಪ್ರಾಕ್ಸಿಯನ್ನು ದಾಟಿ ಬರುತ್ತದೆ, ಆದರೆ ವಸ್ತುವೊಂದು ತನ್ನದೇ ಮೆಥಡನ್ನು ಕರೆದಾಗ ಪ್ರಾಕ್ಸಿಗೆ ಅದರ ಸುಳಿವೇ ಸಿಗುವುದಿಲ್ಲ. ಪ್ರೈವೇಟ್ ಮತ್ತು ಫೈನಲ್ ಮೆಥಡ್‌ಗಳೂ ಹೀಗೆಯೇ ಜಾರಿಕೊಳ್ಳುತ್ತವೆ. ಆಸ್ಪೆಕ್ಟ್‌ಜೆ ಎಂಬ ಸಾಧನವು ತಪಾಸಣೆಯನ್ನು ಬೈಟ್‌ಕೋಡಿನೊಳಕ್ಕೇ (ಕಂಪೈಲ್ ಆದ ಕೋಡಿನೊಳಕ್ಕೇ) ಹೆಣೆಯುವುದರಿಂದ ಈ ತೊಂದರೆ ಇರುವುದಿಲ್ಲ, ಮೂಲ ಕೋಡ್ ಕೈಯಲ್ಲಿಲ್ಲದ ಜಾರ್ ಕಡತಗಳಿಗೂ ಅದನ್ನು ಅನ್ವಯಿಸಬಹುದು. ಹೆಣಿಗೆಯನ್ನು ಬಿಲ್ಡ್ ಹಂತದಲ್ಲಿಯೇ ಮುಗಿಸಿರಿ ಎಂಬುದು ನನ್ನ ಸಲಹೆ. ಲೋಡ್ ಆಗುವಾಗ ಹೆಣೆಯುವ ವಿಧಾನದಲ್ಲಿ ಯಾವುದೋ ಒಂದು ಸರ್ವರಿನಲ್ಲಿ ಏಜೆಂಟ್ (ಈ ಹೆಣಿಗೆಯನ್ನು ಮಾಡುವ ಸಹಾಯಕ) ಆಯ್ಕೆಯನ್ನು ಕೊಡಲು ಮರೆತರೆ, ಅಲ್ಲಿ ತಂತ್ರಾಂಶವು ಒಂದೂ ತಪಾಸಣೆಯಿಲ್ಲದೆ ಎಂದಿನಂತೆ ಓಡುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ, ಆದರೆ ನನ್ನ ಆತಂಕ ಪಾಯಿಂಟ್‌ಕಟ್‌ನ, ಅಂದರೆ ಆಸ್ಪೆಕ್ಟ್ ಯಾವ ಮೆಥಡ್‌ಗಳನ್ನು ಹಿಡಿಯಬೇಕೆಂದು ಹೇಳುವ ನಿಯಮದ ಬಗ್ಗೆ. 1972ರ ಆ್ಯಂಡರ್ಸನ್ ವರದಿಯು ಪ್ರವೇಶವನ್ನು ಕಾಯುವ ವ್ಯವಸ್ಥೆಗೆ ಮೂರು ಷರತ್ತುಗಳನ್ನು ಹಾಕಿತ್ತು: ಅದನ್ನು ಯಾರೂ ತಿದ್ದಲಾಗಬಾರದು, ಪ್ರತಿ ಬಾರಿಯೂ ಅದು ನಡೆಯಲೇಬೇಕು, ಪೂರ್ತಿಯಾಗಿ ಪರೀಕ್ಷಿಸಬಹುದಾದಷ್ಟು ಚಿಕ್ಕದಾಗಿರಬೇಕು. ಆಸ್ಪೆಕ್ಟ್ ಮೂರನೆಯದಕ್ಕೆ ಬಹಳ ನೆರವಾಗುತ್ತದೆ. ಎರಡನೆಯದು ಮಾತ್ರ ಪಾಯಿಂಟ್‌ಕಟ್‌ನ ಒಂದು ಸಾಲನ್ನೇ ನೆಚ್ಚಿಕೊಂಡಿರುತ್ತದೆ. ‘ಡಿಲೀಟ್’ ಎಂದು ಆರಂಭವಾಗುವ ಹೆಸರುಗಳನ್ನು ಹಿಡಿಯುವಂತೆ ನೀವು ಬರೆದಿದ್ದು, ಮುಂದೆ ಯಾರಾದರೂ ಆ ಮೆಥಡಿನ ಹೆಸರನ್ನು ‘ರಿಮೂವ್’ ಎಂದು ಬದಲಿಸಿದರೆ, ಕಾವಲು ಸದ್ದಿಲ್ಲದೆ ಕಳಚಿಬೀಳುತ್ತದೆ. ಆದ್ದರಿಂದ ಸೇವಾ ಪದರದ ಪ್ರತಿಯೊಂದು ಪಬ್ಲಿಕ್ ಮೆಥಡನ್ನೂ ಹಿಡಿದು, ಅನುಮತಿಯ ಅನೊಟೇಶನ್ (ಮೆಥಡಿನ ಮೇಲೆ ಬರೆಯುವ ಗುರುತು) ಇಲ್ಲದ ಕರೆಯನ್ನು ನಿರಾಕರಿಸುವಂತೆ ಬರೆಯಿರಿ. ಆಗ ಮರೆವಿನ ಫಲ ಭದ್ರತೆಯ ಬಿರುಕಾಗದೆ, ಮೊದಲ ಪರೀಕ್ಷೆಯಲ್ಲೇ ಕಣ್ಣಿಗೆ ಬೀಳುವ ದೋಷವಾಗುತ್ತದೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ತಮ್ಮ ವಿಭಾಗದ ದಾಖಲೆಗಳನ್ನಷ್ಟೇ ಬಳಕೆದಾರರು ನೋಡಬೇಕೆಂಬ ನಿಯಮವೂ ಇದೆ. ಮೆಥಡ್ ಹಿಂದಿರುಗಿಸಿದ ಪಟ್ಟಿಯನ್ನು ಅರೌಂಡ್ ಅಡ್ವೈಸ್‌ನಲ್ಲಿ (ಮೆಥಡಿನ ಮೊದಲೂ ನಂತರವೂ ನಡೆಯುವ ಆಸ್ಪೆಕ್ಟಿನ ಭಾಗ) ಸೋಸಿದರೆ ಸಾಕೇ?

ಉತ್ತರ 2:
ಸಾಲದು. ಪುಟಗಳಾಗಿ ವಿಂಗಡಿಸಿದ ಮೇಲೆ ಸೋಸಿದರೆ ಪುಟಗಳು ಅರೆಬರೆಯಾಗುತ್ತವೆ, ಒಟ್ಟು ಎಣಿಕೆಯಿಂದ ಬೇರೆ ವಿಭಾಗದ ಮಾಹಿತಿಯೂ ಸೋರುತ್ತದೆ. ಆ ನಿಯಮ ಡೇಟಾಬೇಸ್ ಕ್ವೆರಿಯಲ್ಲೇ ಇರಲಿ. ಇನ್ನೊಂದು ಮಾತು: ಅದೇ ಮೆಥಡ್‌ಗಳಿಗೆ ಕ್ಯಾಶ್ (ಒಮ್ಮೆ ಬಂದ ಉತ್ತರವನ್ನು ಮರುಬಳಕೆಗೆ ಉಳಿಸಿಡುವ ವ್ಯವಸ್ಥೆ) ಕೂಡ ಇದ್ದರೆ ತಪಾಸಣೆ ಮತ್ತು ಕ್ಯಾಶ್ ಎರಡರ ಕ್ರಮವನ್ನು ಸ್ಪಷ್ಟವಾಗಿ ನಮೂದಿಸಿರಿ. ಕ್ಯಾಶ್ ತಪಾಸಣೆಗಿಂತ ಹೊರಗಡೆ ಉಳಿದರೆ, ಒಬ್ಬರಿಗಾಗಿ ತಂದಿಟ್ಟ ಉತ್ತರವು ಅನುಮತಿಯಿಲ್ಲದ ಇನ್ನೊಬ್ಬರಿಗೆ ತಪಾಸಣೆಯೇ ಇಲ್ಲದೆ ತಲುಪುತ್ತದೆ.