ಪದಚರ್ಚೆ: ‘ಸರ್ವಿಸ್ ಕ್ರಿಯೇಷನ್ ಎನ್ವಿರಾನ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವವರಿಗಾಗಿ ಟೆಲಿಕಾಂ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಇಂಟೆಲಿಜೆಂಟ್ ನೆಟ್‌ವರ್ಕ್’ (ಕರೆಯ ತೀರ್ಮಾನಗಳನ್ನು ಟೆಲಿಫೋನ್ ಎಕ್ಸ್‌ಚೇಂಜಿನ ಹೊರಗಿನ ಕಂಪ್ಯೂಟರಿಗೆ ಬಿಡುವ ಏರ್ಪಾಡು) ಪಾಠದಲ್ಲಿ ‘ಸರ್ವಿಸ್ ಕ್ರಿಯೇಷನ್ ಎನ್ವಿರಾನ್‌ಮೆಂಟ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಹೊಸ ಫೋನ್ ಸೇವೆಗಳನ್ನು ಕಟ್ಟಿ, ಪರೀಕ್ಷಿಸುವ ಸಾಫ್ಟ್‌ವೇರ್ ಅದು. ಕಸುಬಿನವರು ಸುಮ್ನೆ ಎಸ್‌ಸಿಇ ಅನ್ನುತ್ತಾರೆ. ಇದಕ್ಕೆ ಒಪ್ಪುವ ಕನ್ನಡ ಬೇಕು.

ಮೊದಲು ಅದರ ಕೆಲಸ ಹೇಳುತ್ತೇನೆ. ಹಿಂದೆ ಕರೆಯನ್ನು ಏನು ಮಾಡಬೇಕೆಂಬ ತೀರ್ಮಾನವೆಲ್ಲ ಎಕ್ಸ್‌ಚೇಂಜಿನ ಒಳಗೇ ಇರುತ್ತಿತ್ತು. ಹೊಸ ಸೇವೆ ಕೊಡಬೇಕೆಂದರೆ ಪ್ರತಿ ಎಕ್ಸ್‌ಚೇಂಜಿನ ಸಾಫ್ಟ್‌ವೇರ್ ಬದಲಿಸಬೇಕಿತ್ತು. ಊರಿಗೊಂದು ಕಂಪನಿಯ ಯಂತ್ರ ಇದ್ದರಂತೂ ವರ್ಷಗಟ್ಟಲೆ ಹಿಡಿಯುತ್ತಿತ್ತು. ಅಮೆರಿಕದಲ್ಲಿ 800 ನಂಬರಿನ ಉಚಿತ ಕರೆ 1967ರಲ್ಲೇ ಬಂದಿತ್ತು. 1981ರಲ್ಲಿ ಎಟಿ ಅಂಡ್ ಟಿ ಕಂಪನಿ, ಆ ಕರೆ ಯಾವ ಫೋನಿಗೆ ಹೋಗಬೇಕು ಎಂದು ಹೊರಗಿನ ಡೇಟಾಬೇಸನ್ನು ಕೇಳಿ ತಿಳಿಯುವ ಏರ್ಪಾಡು ಮಾಡಿತು. ಆಮೇಲೆ 1990ರ ದಶಕದಲ್ಲಿ ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ತನ್ನ ಕ್ಯೂ.1200 ಸರಣಿಯ ಶಿಫಾರಸುಗಳಲ್ಲಿ ಇದನ್ನೆಲ್ಲ ಒಂದು ಕಟ್ಟಿಗೆ ತಂದಿತು.

ಆ ಹೊರಗಿನ ಕಂಪ್ಯೂಟರು ಏನು ಮಾಡಬೇಕೆಂದು ಬರೆದಿಡಲು ಎಸ್‌ಸಿಇ ಬೇಕು. ಅದರ ಪರದೆಯ ಮೇಲೆ ಸಿದ್ಧ ತುಣುಕುಗಳಿರುತ್ತವೆ. ನಂಬರು ಬದಲಿಸುವುದು ಒಂದು, ಹೋಲಿಸಿ ನೋಡುವುದು ಒಂದು, ಸರತಿಯಲ್ಲಿ ನಿಲ್ಲಿಸುವುದು ಒಂದು, ಶುಲ್ಕ ಹಾಕುವುದು ಇನ್ನೊಂದು. ನಮ್ಮ 1800 ನಂಬರನ್ನೇ ತೆಗೆದುಕೊಳ್ಳಿ. ಹಗಲಲ್ಲಿ ಕರೆ ಬಂದರೆ ಬೆಂಗಳೂರಿನ ಕಚೇರಿಗೆ ಕಳಿಸು, ರಾತ್ರಿಯಾದರೆ ಧ್ವನಿಸಂದೇಶ ಕೇಳಿಸು, ಹಣ ಮಾತ್ರ ಕರೆ ಮಾಡಿದವರಿಂದಲ್ಲ, ಕರೆ ಪಡೆದವರಿಂದ ತಗೋ. ಇಷ್ಟನ್ನು ಗೆರೆ ಎಳೆದು ಜೋಡಿಸಿ, ಅಲ್ಲೇ ಓಡಿಸಿ ನೋಡಿ, ಸರಿ ಅನ್ನಿಸಿದ ಮೇಲೆ ನೆಟ್‌ವರ್ಕಿಗೆ ಇಳಿಸುತ್ತಾರೆ. ಎಕ್ಸ್‌ಚೇಂಜುಗಳ ಸಾಫ್ಟ್‌ವೇರ್ ಬದಲಿಸಬೇಕಾಗಿಲ್ಲ.

ಈಗ ಪದಕ್ಕೆ ಬರೋಣ. ‘ಸೇವಾ ಸೃಷ್ಟಿ ಪರಿಸರ’ ಎಂಬುದು ನನಗೆ ಒಪ್ಪಿಗೆಯಿಲ್ಲ. ಪರಿಸರ ಎಂದ ಕೂಡಲೇ ಓದುವವರಿಗೆ ಗಿಡಮರ, ಮಾಲಿನ್ಯ ನೆನಪಾಗುತ್ತದೆ. ‘ಸೃಷ್ಟಿ’ಯೂ ಭಾರವಾಯಿತು. ಅಲ್ಲಿ ಏನನ್ನೂ ಇಲ್ಲದ್ದರಿಂದ ಹುಟ್ಟಿಸುವುದಿಲ್ಲ, ಇದ್ದ ತುಣುಕುಗಳನ್ನೇ ಹೆಣೆಯುತ್ತಾರೆ.

‘ಸೇವಾ ಕಮ್ಮಟ’ ಎಂಬ ಯೋಚನೆ ಬಂತು. ಕಮ್ಮಟ ಎಂದರೆ ನಾಣ್ಯ ಅಚ್ಚು ಹಾಕುವ ಜಾಗ, ಹಾಗಾಗಿ ಹೊಸ ಸೇವೆ ತಯಾರಾಗುವ ಜಾಗಕ್ಕೆ ಒಪ್ಪುತ್ತದೆ. ಆದರೆ ಈಗ ಕಮ್ಮಟ ಅಂದರೆ ತರಬೇತಿ ಶಿಬಿರ ಎಂಬ ಅರ್ಥವೇ ಜಾಸ್ತಿ. ಅದರ ಹಿಂದೆ ‘ಸೇವಾ’ ಸೇರಿದರೆ ವಿದ್ಯಾರ್ಥಿಗಳಿಗೆ ಎನ್‌ಎಸ್‌ಎಸ್ ಕ್ಯಾಂಪು ಕಣ್ಣಮುಂದೆ ಬರುತ್ತದೆ, ಅಲ್ವಾ?

ಸದ್ಯಕ್ಕೆ ‘ಸೇವೆ ಹೆಣೆಯುವ ಸಲಕರಣೆ’ ಎಂದು ಬರೆದುಕೊಂಡಿದ್ದೇನೆ. ‘ಉಪಕರಣ’ ಬಿಟ್ಟಿದ್ದಕ್ಕೆ ಕಾರಣ ಇದೆ. ಟೆಲಿಕಾಂನಲ್ಲಿ ಉಪಕರಣ ಅಂದರೆ ಕೈಗೆ ಸಿಗುವ ಪೆಟ್ಟಿಗೆ, ಕೇಬಲ್ಲು ಎಂದೇ ತಿಳಿಯುತ್ತಾರೆ. ‘ಹೆಣೆಯುವ’ ಇವತ್ತಿನ ಕೆಲಸಕ್ಕೂ ಹೊಂದುತ್ತದೆ. 2023ರಲ್ಲಿ ಮೊಬೈಲ್ ಕಂಪನಿಗಳ ಒಕ್ಕೂಟ ಜಿಎಸ್‌ಎಂಎ ಶುರು ಮಾಡಿದ ಓಪನ್ ಗೇಟ್‌ವೇ ಎಪಿಐಗಳನ್ನು (ಹೊರಗಿನ ಸಾಫ್ಟ್‌ವೇರ್ ನೆಟ್‌ವರ್ಕಿನ ಜೊತೆ ಮಾತಾಡುವ ದಾರಿಗಳನ್ನು) ನೋಡಿ. ಗ್ರಾಹಕರ ಸಿಮ್ ಇತ್ತೀಚೆಗೆ ಬದಲಾಗಿದೆಯೇ ಎಂದು ಬ್ಯಾಂಕಿನ ಆ್ಯಪ್ ನೆಟ್‌ವರ್ಕನ್ನೇ ಕೇಳಬಹುದು. ಅಲ್ಲಿ ತುಣುಕು ಜೋಡಿಸುವವರು ಟೆಲಿಕಾಂ ಕಂಪನಿಯ ಹೊರಗಿನವರು, ಕೆಲಸ ಮಾತ್ರ ಹೆಣೆಯುವುದೇ.

ಒಂದು ತೊಡಕು ಉಳಿದಿದೆ. ಎಸ್‌ಸಿಇ ಒಂದೇ ಸಲಕರಣೆ ಅಲ್ಲ. ಬರೆಯುವುದು, ಪರೀಕ್ಷಿಸುವುದು, ಇಳಿಸುವುದು ಎಲ್ಲ ಸೇರಿದ ತಾಣ ಅದು. ‘ಸೇವಾ ಹೆಣಿಗೆಮನೆ’ ಎಂದರೆ ಕಿವಿಗೆ ಹೇಗನ್ನಿಸುತ್ತದೆ?

ಇನ್ನೆರಡು ಸಣ್ಣ ಪ್ರಶ್ನೆಗಳು. ‘ಸರ್ವಿಸ್’ಗೆ ಸೇವೆ, ‘ಫೀಚರ್’ಗೆ ಸೌಲಭ್ಯ ಎಂದು ಬೇರೆ ಮಾಡಿದ್ದೇನೆ. ಐಟಿಯು ಕೂಡ ಈ ಎರಡನ್ನು ಬೇರೆಯಾಗಿಯೇ ಇಡುತ್ತದೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ? ಇನ್ನು, ಎಕ್ಸ್‌ಚೇಂಜು ಕರೆಯನ್ನು ನಡುವೆ ತಡೆದು ಹೊರಗಿನ ಕಂಪ್ಯೂಟರನ್ನು ಕೇಳುವಂತೆ ಮಾಡುವ ‘ಟ್ರಿಗರ್’ಗೆ ಏನೆನ್ನೋಣ? ಬಂದೂಕಿನ ಟ್ರಿಗರಿಗೆ ನಮ್ಮಲ್ಲಿ ಕುದುರೆ ಎಂಬ ಒಳ್ಳೆಯ ಪದವಿದೆ. ನನಗೆ ಅದು ಬಹಳ ಇಷ್ಟ, ಆದರೆ ಇಲ್ಲಿ ಬಳಸಿದರೆ ಅರ್ಥವಾಗುವುದು ಕಷ್ಟ. ‘ಚಾಲಕ’ ಅಂದರೆ ಡ್ರೈವರ್ ಆಗಿಬಿಡುತ್ತಾರೆ. ಟೆಲಿಫೋನ್ ಇಲಾಖೆಯಲ್ಲಿ ದುಡಿದ ಹಿರಿಯರು ಯಾರಾದರೂ ಇದ್ದರೆ, ಕೆಲಸದ ಜಾಗದಲ್ಲಿ ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ.