ಪಾಲಿಪ್ ತೆಗೆಸಿದ್ದೇವೆ, ‘ಅಡಿನೋಮಾ’ ಅಂತ ಬಂದಿದೆ. ಅನುಭವ ಇದ್ದವರು ತಿಳಿಸಿ

ನಮ್ಮ ಯಜಮಾನರಿಗೆ 52 ವರ್ಷ. ಕೊಲೊನೊಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಎರಡು ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು) ಸಿಕ್ಕವು, ಆಗಲೇ ತೆಗೆದರು. ಬಯಾಪ್ಸಿಯಲ್ಲಿ ‘ಟ್ಯುಬ್ಯುಲರ್ ಅಡಿನೋಮಾ, ಲೋ ಗ್ರೇಡ್ ಡಿಸ್‌ಪ್ಲೇಸಿಯಾ’ ಅಂತಿದೆ. ಇದು ಕ್ಯಾನ್ಸರಾ? ವರ್ಷಾ ವರ್ಷಾ ಮಾಡಿಸಬೇಕಾ?

ಉತ್ತರ 1
ಮೇಡಂ, ಮೊದಲು ಧೈರ್ಯ ತಂದುಕೊಳ್ಳಿ, ಅದು ಕ್ಯಾನ್ಸರ್ ಅಲ್ಲ. ಆರು ವರ್ಷದ ಹಿಂದೆ ನನ್ನ ರಿಪೋರ್ಟಿನಲ್ಲೂ ಇದೇ ಇತ್ತು. ಡಿಸ್‌ಪ್ಲೇಸಿಯಾ ಅನ್ನೋದು ಓದಿ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಜೀವಕೋಶಗಳ ರೂಪ ಕೆಡಲು ಶುರುವಾಗಿದೆ, ಆದರೆ ಕರುಳಿನ ಗೋಡೆಯೊಳಕ್ಕೆ ಇಳಿದಿಲ್ಲ ಅಂತ ಅದರ ಅರ್ಥ. ಅಡಿನೋಮಾ ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್, ಆದರೆ ಹೆಚ್ಚಿನವು ಕ್ಯಾನ್ಸರ್ ಆಗುವುದೇ ಇಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ನಿಮ್ಮವರದ್ದು ಅದಕ್ಕೆ ಮೊದಲೇ ಹೊರಗೆ ಬಂತು. ನನಗೆ ಅರೆಮಂಪರಿನಲ್ಲಿ ಪರದೆ ಕಾಣುತ್ತಿತ್ತು: ಗುಲಾಬಿ ಬಣ್ಣದ ಗೋಡೆ, ಮೇಲೊಂದು ಸಣ್ಣ ಗಂಟು, ಅದರ ಸುತ್ತ ತಂತಿಯ ಕುಣಿಕೆ ಬಿಗಿಯಿತು, ಅಷ್ಟೇ. ನೋವೇ ಆಗಲಿಲ್ಲ.

ವರ್ಷಾ ವರ್ಷಾ ಬೇಕಾಗುವುದಿಲ್ಲ. ಎಷ್ಟಿದ್ದವು, ಎಷ್ಟು ದೊಡ್ಡವು, ಯಾವ ಬಗೆ, ಇವು ಮೂರೂ ಮುಖ್ಯ. ಗಾತ್ರ ಕೊಲೊನೊಸ್ಕೋಪಿ ರಿಪೋರ್ಟಿನಲ್ಲಿರುತ್ತದೆ, ಬಗೆ ಬಯಾಪ್ಸಿಯಲ್ಲಿ. ಹಾಗಾಗಿ ಎರಡೂ ಜೋಪಾನ ಮಾಡಿ. ಅಮೆರಿಕದ 2020ರ ಮಾರ್ಗಸೂಚಿಯಂತೆ ಒಂದೆರಡೇ ಇದ್ದು, 10 ಮಿ.ಮೀ.ಗಿಂತ ಚಿಕ್ಕದಾದರೆ 7ರಿಂದ 10 ವರ್ಷಕ್ಕೆ ಮತ್ತೊಮ್ಮೆ. 10 ಮಿ.ಮೀ. ಅಥವಾ ಹೆಚ್ಚಿದ್ದರೆ, ಇಲ್ಲವೇ ‘ವಿಲ್ಲಸ್’ (ಬೆರಳಿನಂತೆ ಚಾಚಿ ಬೆಳೆಯುವ ಬಗೆ), ‘ಹೈ ಗ್ರೇಡ್’ (ಜೀವಕೋಶಗಳ ರೂಪ ಹೆಚ್ಚು ಕೆಟ್ಟಿರುವುದು) ಅಂತಿದ್ದರೆ 3 ವರ್ಷಕ್ಕೆ. ತಾರೀಖು ಮಾತ್ರ ನಿಮ್ಮ ಡಾಕ್ಟರೇ ಗೊತ್ತು ಮಾಡಲಿ, ಮನೆಯವರ ಕಾಯಿಲೆಯ ಹಿನ್ನೆಲೆಯನ್ನೂ ಅವರು ನೋಡಬೇಕಲ್ಲ.

ಉತ್ತರ 2
ನಮ್ಮಮ್ಮನದು 14 ಮಿ.ಮೀ., ವಿಲ್ಲಸ್ ಅಂಶವೂ ಇತ್ತು. ಆಗ ಅವರಿಗೆ 48. ಹಾಗಾಗಿ ನನಗೂ ತಮ್ಮನಿಗೂ 38ಕ್ಕೇ ಮಾಡಿಸಿ ಅಂದರು. ಇಂಥ ದೊಡ್ಡದು ಸಿಕ್ಕವರ ಮಕ್ಕಳು, ಒಡಹುಟ್ಟಿದವರು 40ಕ್ಕೆ, ಇಲ್ಲವೇ ಅವರಿಗೆ ಸಿಕ್ಕ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ ಮಾಡಿಸಬೇಕಂತೆ.

ಇನ್ನೊಂದು ಮಾತು. ಪರೀಕ್ಷೆಗೆ ಮೊದಲು ಕರುಳು ಖಾಲಿ ಮಾಡಲು ಕೊಡುವ ಭೇದಿ ಔಷಧಿಯನ್ನು ಅಮ್ಮ ಅರ್ಧ ಕುಡಿದು ಉಳಿದದ್ದನ್ನು ಸಿಂಕಿಗೆ ಸುರಿದಿದ್ದರು. ಕರುಳು ಸರಿಯಾಗಿ ಕಾಣಲಿಲ್ಲ ಅಂತ ಮತ್ತೆ ಮಾಡಬೇಕಾಯಿತು. ಆ ದೊಡ್ಡ ಪಾಲಿಪ್ ಸಿಕ್ಕಿದ್ದು ಎರಡನೇ ಸಲವೇ. ನಿಮ್ಮ ರಿಪೋರ್ಟಿನಲ್ಲಿ ಕರುಳು ಸ್ವಚ್ಛವಾಗಿತ್ತು ಅಂತ ಬರೆದಿದ್ದಾರಾ ನೋಡಿ.

ಉತ್ತರ 3
ನಡುವೆ ಮಲದಲ್ಲಿ ರಕ್ತ ಕಂಡರೆ ಆ ತಾರೀಖಿಗೆ ಕಾಯಬೇಡಿ. ಸಿಗರೇಟು ಸೇದುವವರಾದರೆ ಈಗಲೇ ಬಿಡಿಸಿ.

ಕೇಳಿದವರು
ರಿಪೋರ್ಟ್ ತೆಗೆದು ನೋಡಿದೆ. 4 ಮತ್ತು 6 ಮಿ.ಮೀ., ಕರುಳು ಸ್ವಚ್ಛ ಅಂತಲೂ ಇದೆ. ಎರಡೂ ರಿಪೋರ್ಟಿನ ಫೋಟೋನೂ ಮೊಬೈಲಿನಲ್ಲಿ ಇಟ್ಟುಕೊಂಡೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇವತ್ತು ನಿದ್ದೆ ಬರಬಹುದು.